ಜಾಕ್ಸನ್ ಹೈಟ್ಸ್‌ನಲ್ಲಿ ಒಂದೇ ಸಂಜೆ ಇದ್ದರೆ ಎಲ್ಲಿ ತಿನ್ನೋದು?

ನ್ಯೂಯಾರ್ಕ್‌ಗೆ ಬರುವ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಜಾಕ್ಸನ್ ಹೈಟ್ಸ್‌ನಲ್ಲಿ ಊಟಕ್ಕೆ ಯಾವ ಜಾಗ ಚೆನ್ನಾಗಿದೆ?" ಅದಕ್ಕೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಏನೇನು ತಿನ್ನಲ್ಲ? ನಿಂತುಕೊಂಡು ತಿನ್ನೋಕೆ ಆಗುತ್ತಾ? ಎಷ್ಟು ಹೊತ್ತಿಗೆ ಬರ್ತೀರ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಹೋಟೆಲ್‌ಗಳು ತಾವಾಗಿಯೇ ಉದುರಿಹೋಗುತ್ತವೆ. ಉಳಿದ ಅರ್ಧದ ಬಗ್ಗೆ ಮಾತ್ರ ಜಗಳ.

ಜಾಕ್ಸನ್ ಹೈಟ್ಸ್ ಇರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ. ಮ್ಯಾನ್‌ಹಟನ್ ಕಡೆಯಿಂದ ಇ ಅಥವಾ ಎಫ್ ರೈಲು ಹತ್ತಿದರೆ ಬೇಗ ಬರಬಹುದು. ನಾನಾದರೆ ಹೊಸಬರಿಗೆ 7ನೇ ನಂಬರ್ ರೈಲು ಹತ್ತಿ ಅನ್ನುತ್ತೇನೆ. ಅದು ರೂಸ್‌ವೆಲ್ಟ್ ಅವೆನ್ಯೂ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. ಕಿಟಕಿಯಿಂದ ಕೆಳಗೆ ನೋಡಿದರೆ ಬೋರ್ಡ್‌ಗಳ ಭಾಷೆ ಬದಲಾಗುತ್ತಾ ಹೋಗುವುದು ಕಾಣುತ್ತದೆ. 74ನೇ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದರೆ ಒಂದು ಕಡೆ ಹಿಂದಿ, ಬಂಗಾಳಿ, ನೇಪಾಳಿ. ಇನ್ನೊಂದು ಕಡೆ ಹತ್ತು ಹೆಜ್ಜೆ ನಡೆದರೆ ಬರೀ ಸ್ಪ್ಯಾನಿಷ್. ತಲೆ ಮೇಲೆ ರೈಲು ಗಡಗಡ ಅಂತ ಹೋದಾಗಲೆಲ್ಲ ಕೆಳಗೆ ಮಾತಾಡುವವರು ಅರ್ಧ ವಾಕ್ಯಕ್ಕೆ ನಿಲ್ಲಿಸಿ, ರೈಲು ಹೋದಮೇಲೆ ಅಲ್ಲಿಂದಲೇ ಮುಂದುವರಿಸುತ್ತಾರೆ.

ಹೊರಡುವ ಮುಂಚೆ ವಿಳಾಸದ ಗುಟ್ಟು ತಿಳಿದಿರಲಿ. ಇಲ್ಲಿ 37ನೇ ಅವೆನ್ಯೂ ಬೇರೆ, 37ನೇ ರೋಡ್ ಬೇರೆ. ಎರಡೂ ಅಕ್ಕಪಕ್ಕ. ಮೊದಲ ಸಲ ನಾನು ಅರ್ಧ ಗಂಟೆ ತಪ್ಪು ರಸ್ತೆಯಲ್ಲಿ ಸುತ್ತಿದ್ದೇನೆ. ವಿಳಾಸದಲ್ಲಿ 77-17 ಥರ ಅಡ್ಡಗೆರೆ ಇದ್ದರೆ, ಗೆರೆಗೆ ಮೊದಲು ಬರುವ ನಂಬರ್ ಹತ್ತಿರದ ಅಡ್ಡರಸ್ತೆಯದ್ದು. ಅಂದರೆ 37ನೇ ಅವೆನ್ಯೂನಲ್ಲಿ 77-17 ಅಂದರೆ 77ನೇ ಸ್ಟ್ರೀಟ್ ಪಕ್ಕ. ಇದು ಗೊತ್ತಾದರೆ ಕ್ವೀನ್ಸ್‌ನಲ್ಲಿ ಮ್ಯಾಪ್ ಇಲ್ಲದೆಯೂ ಓಡಾಡಬಹುದು.

ಮೊಮೊ: ನೇಪಾಳಿಯೋ, ಟಿಬೆಟನ್ನೋ?

ಇಲ್ಲಿ ನಿಜವಾದ ಆಯ್ಕೆ ಶುರುವಾಗುವುದೇ ಇದರಿಂದ. ಮೊಮೊ ಅಂದರೆ ಎಲ್ಲಾ ಒಂದೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ.

ಟಿಬೆಟನ್ ಮೊಮೊದಲ್ಲಿ ಹಿಟ್ಟು ಸ್ವಲ್ಪ ದಪ್ಪ. ಒಳಗೆ ಸಾಮಾನ್ಯವಾಗಿ ಬೀಫ್ ಮತ್ತು ಈರುಳ್ಳಿ. ಮಸಾಲೆ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಖಾರ ಏನಿದ್ದರೂ ಪಕ್ಕದ ಕೆಂಪು ಮೆಣಸಿನಕಾಯಿ ಚಟ್ನಿಯಲ್ಲಿ. ಅದಕ್ಕೆ ಸೆಪೆನ್ ಅನ್ನುತ್ತಾರೆ. ಎಷ್ಟು ಹಾಕಿಕೊಳ್ಳುತ್ತೀರೋ ಅದು ನಿಮ್ಮ ನಾಲಿಗೆಗೆ ಬಿಟ್ಟಿದ್ದು. ನೇಪಾಳಿ ಮೊಮೊ ಹಾಗಲ್ಲ. ಒಳಗಿನ ಹೂರಣಕ್ಕೇ ಮಸಾಲೆ ಬಿದ್ದಿರುತ್ತದೆ. ಜೊತೆಗೆ ಟೊಮೆಟೊ, ಎಳ್ಳು ಅರೆದ ಅಚಾರ್. ಝೋಲ್ ಮೊಮೊ ಕೇಳಿದರೆ ಆ ಅಚಾರೇ ತೆಳ್ಳಗಾಗಿ, ಸಾರಿನ ಹಾಗೆ ಬಟ್ಟಲು ತುಂಬಾ ಬಂದು, ಮೊಮೊ ಅದರಲ್ಲಿ ಮುಳುಗಿರುತ್ತವೆ. ನಮ್ಮವರಿಗೆ ಮೊದಲ ತುತ್ತಿಗೇ ಹಿಡಿಸುವುದು ಇದು. ಸಾಂಬಾರಿನಲ್ಲಿ ಇಡ್ಲಿ ಮುಳುಗಿಸಿ ತಿಂದು ಬೆಳೆದವರಿಗೆ ಬೇರೆ ವಿವರಣೆ ಬೇಕಿಲ್ಲ.

ಝೋಲ್ ಮೊಮೊಗೆ ನಾನು ಕಳಿಸುವುದು ರೂಸ್‌ವೆಲ್ಟ್ ಅವೆನ್ಯೂನಲ್ಲಿ ರೈಲು ಸ್ಟೇಷನ್ನಿಗೆ ಅಂಟಿಕೊಂಡಂತಿರುವ ನೇಪಾಳಿ ಭಾಂಛಾ ಘರ್‌ಗೆ. ಈ ಏರಿಯಾದಲ್ಲಿ ಮೊಮೊ ಕ್ರಾಲ್ ಅಂತ ಒಂದು ವಾರ್ಷಿಕ ಸುತ್ತಾಟ ನಡೆಯುತ್ತದೆ. ಜನ ಮ್ಯಾಪ್ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ಒಂದೊಂದೇ ಮೊಮೊ ತಿಂದು ವೋಟು ಹಾಕುತ್ತಾರೆ. ಅದರಲ್ಲಿ ಈ ಹೋಟೆಲ್ ಒಂದಕ್ಕಿಂತ ಹೆಚ್ಚು ಸಲ ಗೆದ್ದಿದೆ. ಟಿಬೆಟನ್ ಕಡೆ ಫಯೂಲ್ ಮತ್ತು ಲ್ಹಾಸಾ ಹೆಸರು ಎಲ್ಲರ ಬಾಯಲ್ಲೂ ಇದೆ. ಫಯೂಲ್ ಹೆಸರಾದದ್ದು ಮಹಡಿ ಮೇಲಿನ ಒಂದು ಪುಟ್ಟ ಕೋಣೆಯಿಂದ. ಲ್ಹಾಸಾ ಫಾಸ್ಟ್ ಫುಡ್ ಹೆಸರು ಮಾಡಿದ್ದು ಇನ್ನೂ ವಿಚಿತ್ರ ಜಾಗದಲ್ಲಿ, ಮೊಬೈಲ್ ಅಂಗಡಿಯೊಳಗೆ ಹಾದುಹೋಗುವ ಒಂದು ಓಣಿಯ ಕೊನೆಯಲ್ಲಿ.

ಹೋದ ವರ್ಷ ಚಿಕ್ಕಮ್ಮ ಬಂದಿದ್ದರು. ಶುದ್ಧ ಸಸ್ಯಾಹಾರಿ. ಅವರನ್ನು ಒಂದು ಟಿಬೆಟನ್ ಹೋಟೆಲ್‌ಗೆ ಕರೆದುಕೊಂಡು ಹೋಗಿ ಶೋಗೊ ಮೊಮೊ ತರಿಸಿದೆ. ಶೋಗೊ ಅಂದರೆ ಆಲೂಗಡ್ಡೆ. ಚಿಕ್ಕಮ್ಮ ಚಮಚ, ಫೋರ್ಕು ಎರಡನ್ನೂ ಪಕ್ಕಕ್ಕಿಟ್ಟು, ಕೈಯಲ್ಲಿ ಎತ್ತಿ, ಅಂಚಿನ ಮಡಿಕೆಗಳನ್ನು ಒಂದು ನಿಮಿಷ ತಿರುಗಿಸಿ ನೋಡಿದರು.

"ಕಡುಬಿಗೆ ನಾವು ಇಷ್ಟು ನೆರಿಗೆ ಹಿಡಿಯಲ್ಲ ಕಣೋ" ಅಂದರು.

"ತಿಂದು ನೋಡಿ ಚಿಕ್ಕಮ್ಮ."

ಒಂದು ಕಚ್ಚಿದರು. "ಉಪ್ಪು ಸರಿ ಇದೆ. ಒಗ್ಗರಣೆ ಮರೆತಿದ್ದಾರೆ."

ಆಮೇಲೆ ಸೆಪೆನ್ ಬಟ್ಟಲು ಕಣ್ಣಿಗೆ ಬಿತ್ತು. ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಪ್ಲೇಟಿನಲ್ಲಿದ್ದ ಎಂಟರಲ್ಲಿ ನನಗೆ ಸಿಕ್ಕಿದ್ದು ಎರಡು.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಒಂದೇ ಸಲ ಬರುವವರಿಗೆ ನೇಪಾಳಿ ಝೋಲ್ ಮೊಮೊ. ಎರಡನೇ ಸಲಕ್ಕೆ ಟಿಬೆಟನ್. ನನ್ನನ್ನೇ ಕೇಳಿದರೆ ಈಗ ನಾನು ಜಾಸ್ತಿ ಹೋಗುವುದು ಟಿಬೆಟನ್ ಕಡೆಗೇ, ಅದರಲ್ಲೂ ಲಾಫಿಂಗ್‌ಗೋಸ್ಕರ. ಹೆಸರುಕಾಳಿನ ಪಿಷ್ಟವನ್ನು ಕಾಸಿ, ಆರಿಸಿ, ಜಾರುವ ಪಟ್ಟಿಗಳ ಹಾಗೆ ಕತ್ತರಿಸಿ, ಮೇಲೆ ಮೆಣಸಿನಕಾಯಿ ಎಣ್ಣೆ, ಬೆಳ್ಳುಳ್ಳಿ, ಸೋಯಾ ಸಾಸ್, ವಿನೆಗರ್. ತಣ್ಣಗೆ ಕೊಡುತ್ತಾರೆ, ಆದರೆ ಕಿವಿ ಬಿಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಬೀಫ್ ತಿನ್ನದವರು ಆರ್ಡರ್ ಮಾಡುವಾಗ ಬಾಯಿಬಿಟ್ಟು ಹೇಳಲೇಬೇಕು. ಸುಮ್ನೆ "ಒಂದು ಪ್ಲೇಟ್ ಮೊಮೊ" ಅಂದರೆ ಟಿಬೆಟನ್ ಹೋಟೆಲ್‌ಗಳಲ್ಲಿ ಬೀಫ್ ಬರುವ ಸಾಧ್ಯತೆಯೇ ಹೆಚ್ಚು. ಚಿಕನ್, ತರಕಾರಿ, ಆಲೂ ಎಲ್ಲಾ ಸಿಗುತ್ತವೆ, ಕೇಳಬೇಕಷ್ಟೆ. ಮೆನುವಿನಲ್ಲಿ "ಶಾ" ಅಂತ ಕಂಡರೆ ಅದು ಮಾಂಸ.

ಫುಚ್ಕಾ ಗಾಡಿ, ಅಥವಾ ಕುಳಿತು ಚಾಟ್

74ನೇ ಸ್ಟ್ರೀಟ್ ಹಳೆಯ ಇಂಡಿಯನ್ ರಸ್ತೆ. ಸೀರೆ, ಚಿನ್ನ, ಮಿಠಾಯಿ, ಪಟೇಲ್ ಬ್ರದರ್ಸ್ ದಿನಸಿ ಅಂಗಡಿ. ಪಕ್ಕದ 73ನೇ ಸ್ಟ್ರೀಟ್ ಈಗ ಹೆಚ್ಚುಕಡಿಮೆ ಪೂರ್ತಿ ಬಾಂಗ್ಲಾದೇಶದವರದ್ದು. ಅದು 37ನೇ ಅವೆನ್ಯೂ ಸೇರುವ ಮೂಲೆಯ ಸುತ್ತಮುತ್ತ ಫುಚ್ಕಾ ಗಾಡಿಗಳು ನಿಲ್ಲುತ್ತವೆ. ಫುಸ್ಕಾ ಹೌಸ್ ಅವುಗಳಲ್ಲಿ ಹೆಸರಾದದ್ದು.

ಪಾನಿಪುರಿ ಗೊತ್ತಿರುವವರಿಗೆ ಫುಚ್ಕಾ ಗೊತ್ತು ಅನಿಸುತ್ತದೆ. ಆದರೆ ತಿನ್ನುವ ರೀತಿಯೇ ಬೇರೆ. ನಮ್ಮಲ್ಲಿ ಭಯ್ಯಾ ಒಂದೊಂದೇ ಕೊಡುತ್ತಾನೆ, ನಾವು ಸಾಲಾಗಿ ನಿಂತು ಬಾಯಿ ತೆರೆಯುತ್ತೇವೆ. ಇಲ್ಲಿ ಇಡೀ ಪ್ಲೇಟು ಒಟ್ಟಿಗೆ ಕೈಗೆ ಬರುತ್ತದೆ. ಒಳಗೆ ಬೆಂದ ಹಳದಿ ಬಟಾಣಿ, ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ. ಮೇಲೆ ತುರಿದ ಬೇಯಿಸಿದ ಮೊಟ್ಟೆ, ಹಿಮ ಬಿದ್ದ ಹಾಗೆ. ಹುಣಸೆ ನೀರು ಪಕ್ಕದಲ್ಲಿ ಪುಟ್ಟ ಕಪ್‌ನಲ್ಲಿ. ಪುರಿಗೆ ನೀವೇ ಹುಯ್ದುಕೊಂಡು ತಿನ್ನಬೇಕು. ಫೋಟೋ ತೆಗೆಯುತ್ತಾ ನಿಂತರೆ ಕೊನೆಯ ಎರಡು ಮೆತ್ತಗಾಗಿರುತ್ತವೆ. ಮೊದಲು ತಿನ್ನಿ.

ಮೊಟ್ಟೆ ತಿನ್ನದವರು "ಡಿಮ್ ಛಾಡಾ" ಅನ್ನಿ. ಮೊಟ್ಟೆ ಇಲ್ಲದೆ ಅಂತ ಅರ್ಥ. ಬಂಗಾಳಿಯಲ್ಲಿ ಒಂದು ಮಾತು ಬಂದರೆ ಗಾಡಿಯವರ ಮುಖವೇ ಬೇರೆಯಾಗುತ್ತದೆ. ನನಗೆ ಒಂದು ಸಲ ಎಕ್ಸ್‌ಟ್ರಾ ಹುಣಸೆ ನೀರು ಸಿಕ್ಕಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಝಾಲ್‌ಮುಡಿ ಮಾರುವವರೂ ಇರುತ್ತಾರೆ. ನಮ್ಮ ಚುರುಮುರಿಯ ಬಂಗಾಳಿ ಅಣ್ಣ. ವ್ಯತ್ಯಾಸ ಸಾಸಿವೆ ಎಣ್ಣೆಯದ್ದು. ಆ ಘಾಟು ಕೆಲವರಿಗೆ ಪ್ರಾಣ, ಕೆಲವರಿಗೆ ಆಗಲ್ಲ. ಮೊದಲು ಒಂದು ಸಣ್ಣ ಪೊಟ್ಟಣ ತೆಗೆದುಕೊಂಡು ನೋಡಿ.

ಕುಳಿತು ತಿನ್ನುವ ಚಾಟ್ ಅಂಗಡಿಗಳು 74ನೇ ಸ್ಟ್ರೀಟ್‌ನಲ್ಲಿ ಇವೆ. ಗಾಡಿಗೂ ಅವಕ್ಕೂ ಹೋಲಿಸಿದರೆ ರುಚಿಯಲ್ಲಿ ಗಾಡಿ ಗೆಲ್ಲುತ್ತದೆ, ಮಂಡಿ ನೋವಿದ್ದವರಿಗೆ ಅಂಗಡಿ ಗೆಲ್ಲುತ್ತದೆ. ಗಾಡಿಯಿಂದ ಕಟ್ಟಿಸಿಕೊಂಡು ಡೈವರ್ಸಿಟಿ ಪ್ಲಾಜಾಗೆ ಬರುವುದು ನಡುವಿನ ದಾರಿ. 37ನೇ ರೋಡ್‌ನಲ್ಲಿ 73 ಮತ್ತು 74ನೇ ಸ್ಟ್ರೀಟ್‌ಗಳ ನಡುವೆ ವಾಹನ ನಿಲ್ಲಿಸಿ ಜನರಿಗೆ ಬಿಟ್ಟ ಜಾಗ ಅದು. ಕುರ್ಚಿ ಸಿಕ್ಕರೆ ನಿಮ್ಮ ಅದೃಷ್ಟ. ರಂಜಾನ್ ತಿಂಗಳಲ್ಲಿ ಬಂದರೆ ಸುತ್ತಲಿನ ಅಂಗಡಿಗಳು ಹೊರಗೆ ಟೇಬಲ್ ಹಾಕಿ ಇಫ್ತಾರ್ ತಿಂಡಿ ಮಾರುತ್ತಿರುತ್ತವೆ. ಆ ದಿನಗಳಲ್ಲಿ ಬೇರೆ ಯಾವ ಪ್ಲಾನೂ ಬೇಡ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಅಲ್ಲಿರಿ.

ರೈಲಿನ ಆ ಕಡೆ

ಭಾರತೀಯರು ಇಲ್ಲಿಗೆ ಬಂದು ಮಾಡುವ ದೊಡ್ಡ ತಪ್ಪು 74ನೇ ಸ್ಟ್ರೀಟ್‌ನಲ್ಲೇ ಹೊಟ್ಟೆ ತುಂಬಿಸಿಕೊಂಡು ವಾಪಸ್ ಹೋಗುವುದು. ಹತ್ತು ನಿಮಿಷ ಪೂರ್ವಕ್ಕೆ ನಡೆಯಿರಿ. ಕೊಲಂಬಿಯಾ, ಎಕ್ವಡಾರ್, ಪೆರು, ಮೆಕ್ಸಿಕೊ ಎಲ್ಲಾ ಅಲ್ಲೇ ಇವೆ.

ಸಸ್ಯಾಹಾರಿಗಳಿಗೆ ನನ್ನ ಮೊದಲ ಮತ ಅರೇಪಾ ಲೇಡಿ ಅನ್ನುವ ಹೋಟೆಲ್‌ಗೆ. ಅರೇಪಾ ಅಂದರೆ ಮುಸುಕಿನ ಜೋಳದ ಹಿಟ್ಟಿನ ಬಿಲ್ಲೆ, ಕಾವಲಿಯ ಮೇಲೆ ಸುಟ್ಟದ್ದು. ಮರಿಯಾ ಪಿಯೆದಾದ್ ಕಾನೊ ಕೊಲಂಬಿಯಾದಲ್ಲಿ ನ್ಯಾಯಾಧೀಶರಾಗಿದ್ದವರು. 1980ರ ದಶಕದಲ್ಲಿ ಇಲ್ಲಿಗೆ ಬಂದು, ರೂಸ್‌ವೆಲ್ಟ್ ಅವೆನ್ಯೂನಲ್ಲಿ ರಾತ್ರಿ ಹೊತ್ತು ತಳ್ಳುಗಾಡಿ ಇಟ್ಟುಕೊಂಡು ಅರೇಪಾ ಸುಡುತ್ತಿದ್ದರು. ಊರೆಲ್ಲ ಅವರನ್ನು ಅರೇಪಾ ಲೇಡಿ ಅಂತಲೇ ಕರೆಯಿತು. ಮಕ್ಕಳು ಅದನ್ನು ಹೋಟೆಲ್ ಮಾಡಿದರು. ಮೇಲೆ ಹೇಳಿದ 77-17 ಅದರದ್ದೇ ವಿಳಾಸ.

ಅರೇಪಾ ದೆ ಚೊಕ್ಲೊ ತೆಗೆದುಕೊಳ್ಳಿ. ಜೋಳದ ರೊಟ್ಟಿ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಇದು ಎಳೆ ಮುಸುಕಿನ ಜೋಳದ್ದು, ಸಿಹಿ, ಮೆದು. ಕಾವಲಿಯ ಮೇಲೆ ಅಂಚು ಕಂದಾಗುವವರೆಗೆ ಬೇಯಿಸಿ, ಬೆಣ್ಣೆ ಸವರಿ, ನಡುವೆ ಉಪ್ಪುಪ್ಪಾದ ಬಿಳಿ ಚೀಸ್ ಇಟ್ಟು ದೋಸೆಯ ಹಾಗೆ ಮಡಚುತ್ತಾರೆ. ಸಿಹಿಯೂ ಉಪ್ಪೂ ಒಂದೇ ತುತ್ತಿನಲ್ಲಿ. ಅರೇಪಾ ದೆ ಕೇಸೊ ದಪ್ಪ, ಹಿಟ್ಟಿನೊಳಗೇ ಚೀಸ್. ಒಬ್ಬರೇ ಇದ್ದರೆ ಚೊಕ್ಲೊ. ಇಬ್ಬರಿದ್ದರೆ ಎರಡೂ.

ಮಾಂಸ ತಿನ್ನುವವರಿಗೆ, ಅದೂ ಹೊಟ್ಟೆ ಹಸಿದು ಬಂದವರಿಗೆ, ರೂಸ್‌ವೆಲ್ಟ್‌ನ ಯಾವುದಾದರೂ ಕೊಲಂಬಿಯನ್ ಹೋಟೆಲ್‌ನಲ್ಲಿ ಬಂದೇಖಾ ಪೈಸಾ. ಅನ್ನ, ಹುರುಳಿಕಾಯಿ ಬೀಜದಂಥ ಕೆಂಪು ಕಾಳಿನ ಗೊಜ್ಜು, ಖೀಮಾ, ಹಂದಿಯ ಕರಿದ ತುಂಡು, ಮೊಟ್ಟೆ, ಬಾಳೆಹಣ್ಣು, ಬೆಣ್ಣೆಹಣ್ಣು, ಪುಟ್ಟ ಅರೇಪಾ, ಎಲ್ಲಾ ಒಂದೇ ತಟ್ಟೆಯಲ್ಲಿ. ಒಬ್ಬರು ಮುಗಿಸುವುದು ಕಷ್ಟ. ಬರೀ ಚಿಕನ್ ಸಾಕು ಅನ್ನುವವರು, ಮಕ್ಕಳಿರುವವರು ನಾರ್ದರ್ನ್ ಬುಲೆವಾರ್ಡ್‌ನ ಪಿಯೊ ಪಿಯೊಗೆ ಹೋಗಿ. ಪೆರುವಿನ ಸುಟ್ಟ ಕೋಳಿ, ಜೊತೆಗೆ ಹಸಿರು ಸಾಸ್. ಕೋಳಿಗಿಂತ ಆ ಸಾಸ್‌ಗೇ ಜನ ಬರುತ್ತಾರೆ ಅನ್ನುವುದು ನನ್ನ ಅನುಮಾನ.

ಬೀಫ್ ತಿನ್ನುವವರಾದರೆ 78ನೇ ಸ್ಟ್ರೀಟ್ ಹತ್ತಿರ ರೂಸ್‌ವೆಲ್ಟ್‌ನಲ್ಲಿ ನಿಲ್ಲುವ, ಮೆಕ್ಸಿಕನ್ ಟಾಕೊ ಮಾರುವ ಬಿರಿಯಾ-ಲಾಂಡಿಯಾ ಟ್ರಕ್. 2019ರಲ್ಲಿ ಶುರುವಾದದ್ದು. ಮೆನುವಿನಲ್ಲಿ ಬೆರಳೆಣಿಕೆಯ ತಿಂಡಿಗಳು, ಎಲ್ಲವೂ ಬೀಫ್. ತಿನ್ನದವರಿಗೆ ಅಲ್ಲಿ ಏನೂ ಇಲ್ಲ, ಕ್ಯೂನಲ್ಲಿ ನಿಂತು ಟೈಮ್ ಹಾಳು ಮಾಡಬೇಡಿ.

ಈ ಕಡೆ ಸಸ್ಯಾಹಾರಿಗಳು ಜಾಗ್ರತೆಯಾಗಿರಬೇಕು. ನನಗೇ ಆದದ್ದು ಹೇಳುತ್ತೇನೆ. ಒಂದು ಹೋಟೆಲ್‌ನಲ್ಲಿ "ಸಿನ್ ಕಾರ್ನೆ?" ಅಂತ ಕೇಳಿದೆ. ಮಾಂಸ ಇಲ್ಲ ತಾನೆ ಅಂತ. ಹೌದು ಹೌದು ಅಂದರು. ಅರ್ಧ ಬಟ್ಟಲು ಕಾಳು ತಿಂದಮೇಲೆ ತಳದಲ್ಲಿ ಹಂದಿ ಚರ್ಮದ ತುಂಡು ಸಿಕ್ಕಿತು. ಅವರು ಸುಳ್ಳು ಹೇಳಿರಲಿಲ್ಲ. ಕಾರ್ನೆ ಅಂದರೆ ಅಲ್ಲಿ ಎಷ್ಟೋ ಜನರಿಗೆ ದನದ ಮಾಂಸ ಮಾತ್ರ. ಅದಾದಮೇಲೆ ನಾನು ಪೂರ್ತಿ ಮಂತ್ರ ಹೇಳುತ್ತೇನೆ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಸೆರ್ದೊ, ಸಿನ್ ಮಾಂತೇಕಾ. ದನ ಬೇಡ, ಕೋಳಿ ಬೇಡ, ಹಂದಿ ಬೇಡ, ಹಂದಿಕೊಬ್ಬೂ ಬೇಡ. ಕೊನೆಯದು ಮುಖ್ಯ. ಕಾಳನ್ನು ಹಂದಿಕೊಬ್ಬಿನಲ್ಲಿ ಬೇಯಿಸುವುದು ಸಾಮಾನ್ಯ.

ಮತ್ತೆ ದೋಸೆ?

ಕೇಳೇ ಕೇಳುತ್ತೀರ ಅಂತ ಗೊತ್ತು. 37ನೇ ಅವೆನ್ಯೂನಲ್ಲಿ ಸಮುದ್ರ ಅಂತ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲ್ ಇದೆ. ಮನೆಯವರಿಗೆ ಬೇರೇನೂ ಒಗ್ಗದಿದ್ದರೆ ಅದು ಕೈಹಿಡಿಯುತ್ತದೆ. 1980ರಿಂದ ಇರುವ ಜಾಕ್ಸನ್ ಡೈನರ್‌ನ ಹೆಸರು ಎಲ್ಲ ಹಳೇ ಗೈಡ್‌ಗಳಲ್ಲೂ ಇದೆ, ಉತ್ತರ ಭಾರತದ ಊಟಕ್ಕೆ ದೊಡ್ಡ ಗುಂಪು ಹೋಗುವುದಾದರೆ ಜಾಗ ಇದೆ. ಹಲಾಲ್ ಬೇಕಾದವರಿಗೆ, ಕಬಾಬ್ ಪ್ರಿಯರಿಗೆ ಡೈವರ್ಸಿಟಿ ಪ್ಲಾಜಾದ ಮಗ್ಗುಲಲ್ಲೇ ಕಬಾಬ್ ಕಿಂಗ್. ಸೀಖ್ ಕಬಾಬ್ ಬಿಸಿಬಿಸಿ ಸಿಗುವ ಹೊತ್ತಿಗೆ ಹೋಗಿ, ಗಾಜಿನ ಪೆಟ್ಟಿಗೆಯಲ್ಲಿ ಕಾಯುತ್ತಿರುವುದನ್ನು ಬಿಸಿ ಮಾಡಿಸಬೇಡಿ.

ಆದರೆ ಬರೀ ದೋಸೆಗೋಸ್ಕರ ಕ್ವೀನ್ಸ್‌ಗೆ ಬರುವುದಾದರೆ ಜಾಕ್ಸನ್ ಹೈಟ್ಸ್‌ನಲ್ಲಿ ಇಳಿಯಲೇಬೇಡಿ. 7ನೇ ನಂಬರ್ ರೈಲಿನಲ್ಲೇ ಕೊನೆಯ ಸ್ಟೇಷನ್ ಫ್ಲಶಿಂಗ್‌ವರೆಗೆ ಹೋಗಿ, ಬೌನ್ ಸ್ಟ್ರೀಟ್‌ನ ಗಣೇಶ ದೇವಸ್ಥಾನದ ಕ್ಯಾಂಟೀನ್‌ಗೆ ನಡೆಯಿರಿ. ಸ್ಟೇಷನ್ನಿನಿಂದ 20-25 ನಿಮಿಷದ ದಾರಿ. 1977ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು, ಕ್ಯಾಂಟೀನ್ ನೆಲಮಾಳಿಗೆಯಲ್ಲಿ. ದರ್ಶನ, ದೋಸೆ ಎರಡೂ ಆಗುತ್ತದೆ. ಅದರ ಮುಂದೆ ಇಲ್ಲಿಯ ದೋಸೆ ನನಗೆ ಸಪ್ಪೆ.

ದುಡ್ಡು, ಕ್ಯೂ, ಮತ್ತು ಬಾಗಿಲ ಮೇಲಿನ ಅಕ್ಷರ

ಗಾಡಿಗಳಿಗೆ ಹೋಗುವಾಗ ಕ್ಯಾಶ್ ಇರಲಿ, ಸಣ್ಣ ನೋಟುಗಳಲ್ಲಿ. ಕುಳಿತು ತಿನ್ನುವ ಹೋಟೆಲ್‌ನಲ್ಲಿ ಮೆನುವಿನ ರೇಟು ನೋಡಿ ಲೆಕ್ಕ ಹಾಕಬೇಡಿ. ಅದರ ಮೇಲೆ ಶೇ. 8.875 ತೆರಿಗೆ, ಆಮೇಲೆ ಸರ್ವರ್‌ಗೆ ಶೇ. 18ರಿಂದ 20 ಟಿಪ್ಸ್. ನೂರು ಡಾಲರ್ ಊಟ ಅಂದರೆ ಕೈಬಿಡುವುದು ನೂರಿಪ್ಪತ್ತೆಂಟರ ಆಸುಪಾಸು. ಈ ಒಂದು ಕಾರಣಕ್ಕೇ ನಾಲ್ಕು ಜನರ ಗುಂಪಿಗೆ ಗಾಡಿ, ಕೌಂಟರ್ ಹೋಟೆಲ್ ಎಷ್ಟೋ ಅಗ್ಗ.

ಹೋಟೆಲ್ ಕಿಟಕಿಯಲ್ಲಿ ಎ, ಬಿ, ಸಿ ಅಂತ ದೊಡ್ಡ ಅಕ್ಷರ ಅಂಟಿಸಿರುತ್ತಾರೆ. 2010ರಿಂದ ನಗರದ ಆರೋಗ್ಯ ಇಲಾಖೆ ಕೊಡುವ ಸ್ವಚ್ಛತೆಯ ಗ್ರೇಡ್ ಅದು. ತಪ್ಪಿಗೆ ಇಷ್ಟು ಅಂತ ಅಂಕ. 13ರವರೆಗೆ ಎ, 14ರಿಂದ 27 ಬಿ, ಅದಕ್ಕಿಂತ ಜಾಸ್ತಿ ಸಿ. ನಮ್ಮ ಭಾವ ಎ ಇಲ್ಲದ ಕಡೆ ಕಾಲಿಡುವುದಿಲ್ಲ. ನಾನು ಬಿ ಇದ್ದರೂ ಹೋಗುತ್ತೇನೆ, ಒಳಗೆ ಜನ ತುಂಬಿದ್ದರೆ. ಸಿ ಕಂಡರೆ ನನಗೂ ಧೈರ್ಯ ಬರಲ್ಲ. ಆ ಅಕ್ಷರ ರುಚಿಯ ಬಗ್ಗೆ ಏನೂ ಹೇಳುವುದಿಲ್ಲ ಅನ್ನುವುದು ನೆನಪಿರಲಿ.

ಹೊತ್ತಿನ ವಿಷಯ. ಮಧ್ಯಾಹ್ನ ಬಂದರೆ ಮೊಮೊ, ಲಾಫಿಂಗ್, ಅರೇಪಾ. ಗಾಡಿಗಳಿಗೆ ಜೀವ ಬರುವುದು ಸಂಜೆ ಮೇಲೆ. ಶನಿವಾರ ಭಾನುವಾರ 74ನೇ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕಾರು ತರುವ ಯೋಚನೆಯನ್ನೇ ಬಿಡಿ. ನ್ಯೂಜೆರ್ಸಿಯಿಂದ ಕಾರಿನಲ್ಲಿ ಬಂದ ಸ್ನೇಹಿತರೊಬ್ಬರು ಪಾರ್ಕಿಂಗ್ ಹುಡುಕುತ್ತಾ ಇರುವಾಗ ನಾವು ಎರಡು ಪ್ಲೇಟ್ ಫುಚ್ಕಾ ಮುಗಿಸಿದ್ದೆವು.

ನಡುವೆ ಹೊಟ್ಟೆಗೆ ಬಿಡುವು ಬೇಕಾದರೆ 35ನೇ ಅವೆನ್ಯೂ ಮತ್ತು 81ನೇ ಸ್ಟ್ರೀಟ್ ಮೂಲೆಗೆ ನಡೆಯಿರಿ. ಅಕ್ಷರ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಈ ಏರಿಯಾದವರು. ಅದಕ್ಕೇ ಅಲ್ಲಿಯ ರಸ್ತೆಯ ಬೋರ್ಡ್‌ನಲ್ಲಿ ಪ್ರತಿ ಅಕ್ಷರದ ಕೆಳಗೆ ಸ್ಕ್ರ್ಯಾಬಲ್ ಅಂಕಗಳಿವೆ. ದಾರಿಯುದ್ದಕ್ಕೂ ಹಳೆಯ ಇಟ್ಟಿಗೆ ಅಪಾರ್ಟ್‌ಮೆಂಟುಗಳು, ಒಳಗೆ ಅಡಗಿದ ತೋಟಗಳು. ಹೋಗಿ ಬರುವಷ್ಟರಲ್ಲಿ ಮತ್ತೆ ಹಸಿವಾಗುತ್ತದೆ.

ಇರುವುದು ಎರಡೇ ಗಂಟೆ, ಜೊತೆಗೆ ಸಸ್ಯಾಹಾರಿ ಹಿರಿಯರೊಬ್ಬರು ಇದ್ದಾರೆ ಅನ್ನಿ. ಆಗ ನಾನು ಹಿಡಿಯುವ ದಾರಿ ಇದು. ಐದು ಗಂಟೆಗೆ ರೈಲು ಇಳಿದು ಮೊದಲು ತರಕಾರಿ ಝೋಲ್ ಮೊಮೊ, ಎಲ್ಲರಿಗೂ ಸೇರಿ ಒಂದೇ ಪ್ಲೇಟ್. ಆಮೇಲೆ 73ನೇ ಸ್ಟ್ರೀಟ್‌ಗೆ ಹೋಗಿ ಮೊಟ್ಟೆ ಇಲ್ಲದ ಫುಚ್ಕಾ. ಅಲ್ಲಿಂದ 37ನೇ ಅವೆನ್ಯೂ ಹಿಡಿದು ನಿಧಾನ ನಡೆದು ಕೊನೆಗೆ ಅರೇಪಾ ದೆ ಚೊಕ್ಲೊ, ಅದೂ ಕುಳಿತುಕೊಂಡು. ಈ ಅನುಕ್ರಮ ಉಲ್ಟಾ ಮಾಡಬೇಡಿ. ಅರೇಪಾ ಮೊದಲು ತಿಂದರೆ ಫುಚ್ಕಾಕ್ಕೆ ಜಾಗ ಇರಲ್ಲ. ಬಿಳಿ ಅಂಗಿಯೂ ಬೇಡ. ಕಚ್ಚಿದಾಗ ಬೆಣ್ಣೆ ಮೊಣಕೈವರೆಗೂ ಇಳಿಯುತ್ತದೆ.